ಸುದ್ದಿಯೂ ಒಂದು ಅಮಾನತ್

(ಜುಮಾ ಪ್ರವಚನದ ಸಾರಾಂಶ, ಸುಬ್ರಹ್ಮಣ್ಯ)



ಸುದ್ದಿ ಬಂದಾಗ ಅದನ್ನು ಪರಿಶೀಲಿಸದೆ ನಡೆದರೆ, ಅರಿಯದೆಯೇ ಜನರಿಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನ 6ನೇ ವಚನದಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದು ಸುಳ್ಳಿನ ದಾರಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ತೂಕ ಇಳಿಸುವ ನಕಲಿ ಚುಚ್ಚುಮದ್ದಿನ ಸುದ್ದಿಯನ್ನು ನಾವು ಈ ಬೆಳಕಿನಲ್ಲಿ ನೋಡೋಣ.

ಸೆಮಾಗ್ಲುಟೈಡ್ ಮೊದಲು ಬಂದದ್ದು ಸಕ್ಕರೆ ಕಾಯಿಲೆಗೆ. ಅದು ಹಸಿವು ತಗ್ಗಿಸಿ ತೂಕವನ್ನೂ ಇಳಿಸುವುದರಿಂದ ಬೇಡಿಕೆ ಏರಿತು. ಬೇಡಿಕೆಯ ಬೆನ್ನಿಗೇ ನಕಲಿ ಬಂತು. 2023ರ ಅಕ್ಟೋಬರ್‌ನಲ್ಲಿ ಬ್ರೆಜಿಲ್, ಬ್ರಿಟನ್‌ಗಳಲ್ಲಿ, ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಕಲಿ ಓಝೆಂಪಿಕ್ ಸಿಕ್ಕಿತು. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಯಾವ ದೇಶ, ಯಾವ ಬ್ಯಾಚ್, ಏನು ಅಪಾಯ ಎಂಬುದೆಲ್ಲ ಅದರಲ್ಲಿತ್ತು. ಒಂದು ನಕಲಿಯ ಮೇಲೆ ಅಸಲಿ ಬ್ಯಾಚ್ ಸಂಖ್ಯೆಯೇ ಇತ್ತೆಂಬುದನ್ನೂ ಅದು ಮುಚ್ಚಿಡಲಿಲ್ಲ. ಒಳಗೆ ಇನ್ಸುಲಿನ್ ಇದ್ದರೆ ರಕ್ತದ ಸಕ್ಕರೆ ಏಕಾಏಕಿ ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಸುದ್ದಿ ಹೇಳುವ ಕ್ರಮ ಇದು.

ನಮ್ಮ ಮೊಬೈಲ್‌ಗೆ ಬರುವುದು ಬೇರೆ ಬಗೆಯದು. ‘ಈ ಇಂಜೆಕ್ಷನ್ ಹಾಕಿಸಿಕೊಂಡರೆ ಸಾವು’ ಎಂಬ ಒಂದು ಸಾಲು. ಯಾವ ಔಷಧ, ಎಲ್ಲಿ, ಯಾವಾಗ ಎಂಬುದಿಲ್ಲ. ಅದನ್ನು ನಂಬಿ ಮನೆಯ ಉಮ್ಮ ವೈದ್ಯರು ಕೊಟ್ಟ ಇನ್ಸುಲಿನನ್ನೇ ನಿಲ್ಲಿಸಿಬಿಟ್ಟರೆ ಅಲ್ಲಾಹನ ಮುಂದೆ ಉತ್ತರಿಸುವವರು ಯಾರು? ಪುರಾವೆಯಿಲ್ಲದೆ ಒಂದು ಮೆಡಿಕಲ್ ಅಂಗಡಿಯ ಹೆಸರು ಸೇರಿಸಿ ಹರಡಿದರೆ ಅದು ಅಪವಾದ, ಒಂದು ಕುಟುಂಬದ ಅನ್ನಕ್ಕೆ ಬೀಳುವ ಏಟು.

ಇನ್ನೊಂದು ಬಗೆ, ಸುದ್ದಿಯ ವೇಷದ ಜಾಹೀರಾತು. ಬೊಜ್ಜು ಗುಣಪಡಿಸುವ ಔಷಧಿಯೆಂದು ಜಾಹೀರಾತು ಮಾಡುವುದನ್ನು ನಮ್ಮ ದೇಶದ 1954ರ ಕಾನೂನೇ ತಡೆಯುತ್ತದೆ. ದಪ್ಪಗಿರುವವರ ಫೋಟೋ ಹಾಕಿ ನಗುವುದಂತೂ ಮುಸ್ಲಿಮನಿಗೆ ಸಲ್ಲದು.

ಹಾಗೆಂದು ಸತ್ಯವಾದ ಅಪಾಯವನ್ನು ಮುಚ್ಚಿಡುವುದೂ ತಪ್ಪೇ. ಪತ್ರಿಕೆಗೆ ಬರೆಯುವ, ಗ್ರೂಪ್ ನಡೆಸುವ ನಮ್ಮ ಯುವಕರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇದನ್ನು ಹೇಳಿದವರು ಯಾರು? ಬ್ಯಾಚ್, ದಿನಾಂಕ, ಊರು ಇದೆಯೇ? ಓದಿದವರು ಏನು ಮಾಡಬೇಕೆಂದು ಇದೆಯೇ?

ಮನೆಯವರಿಗೂ ಒಂದು ಮಾತು. ವೈದ್ಯರ ಚೀಟಿಯಿಲ್ಲದೆ, ಬಿಲ್ ಇಲ್ಲದೆ ಈ ಚುಚ್ಚುಮದ್ದು ಕೊಳ್ಳಬೇಡಿ. ಬಳಸುವ ಮೊದಲು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕಾದ ಔಷಧವನ್ನು ಗಲ್ಫ್‌ನಿಂದ ಬರುವವರ ಬ್ಯಾಗಿನಲ್ಲಿ ತರಿಸಬೇಡಿ. ಸಂಶಯ ಬಂದರೆ ಪೆನ್ನನ್ನೂ ಪೆಟ್ಟಿಗೆಯನ್ನೂ ಎಸೆಯದೆ ವೈದ್ಯರಿಗೆ ತೋರಿಸಿ, ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಿಳಿಸಿ.

ನಮ್ಮ ನಾಲಗೆಯನ್ನೂ ಬೆರಳನ್ನೂ ಅಲ್ಲಾಹನು ಸತ್ಯದ ಮೇಲೆ ನಿಲ್ಲಿಸಲಿ. ಆಮೀನ್.