ಹೊಸ ಫೋನು ಕೊಳ್ಳುವ ಮುನ್ನ ಮನೆಮಂದಿ ಮಾಡಬೇಕಾದ ಲೆಕ್ಕ

(ರಾಮಮೂರ್ತಿ ನಗರದಲ್ಲಿ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಇಂದಿನ ಭಾಷಣದ ವಿಷಯವನ್ನು ಕೇಳಿ ಕೆಲವರಿಗೆ ನಗು ಬಂದಿರಬಹುದು. ಶಿಕ್ಷಣ, ನಿರುದ್ಯೋಗ, ವರದಕ್ಷಿಣೆ ಎಂದು ಸಮುದಾಯದ ಮುಂದೆ ಇಷ್ಟೆಲ್ಲ ಸಮಸ್ಯೆಗಳಿರುವಾಗ ಮೊಬೈಲ್ ಫೋನನ್ನು ಆರಿಸುವ ಬಗೆಯನ್ನು ಸಭೆ ಸೇರಿ ಚರ್ಚಿಸಬೇಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಒಂದು ಕುಟುಂಬ ಸಾಲದಲ್ಲಿ ಬೀಳುವುದು ಯಾವಾಗಲೂ ದೊಡ್ಡ ಕಾರಣದಿಂದಲೇ ಅಲ್ಲ. ತಿಂಗಳ ಸಂಬಳದಿಂದ ಸದ್ದಿಲ್ಲದೆ ಕಳಚಿಹೋಗುವ ಕಂತು, 28 ದಿನಗಳಿಗೊಮ್ಮೆ ಬರುವ ರೀಚಾರ್ಜ್, ರಸೀದಿಯಿಲ್ಲದೆ ಕೊಂಡ ಫೋನಿನಿಂದ ಬಂದ ಪೊಲೀಸ್ ಕರೆ ಇವು ಕೂಡ ಮನೆಗಳ ನೆಮ್ಮದಿಯನ್ನು ಕೆಡಿಸುತ್ತವೆ.

ಈ ವಿಷಯವನ್ನು ಚರ್ಚಿಸಲು ಇದಕ್ಕಿಂತ ಸೂಕ್ತವಾದ ಸ್ಥಳ ಬೇರೊಂದಿಲ್ಲ. ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ, ನಮ್ಮ ನೆರೆಯಲ್ಲೇ ದೂರವಾಣಿ ನಗರವಿದೆ. 1948ರಲ್ಲಿ ಸ್ಥಾಪನೆಗೊಂಡ ಐ.ಟಿ.ಐ. ಕಾರ್ಖಾನೆಯಿಂದಲೇ ಅದಕ್ಕೆ ಆ ಹೆಸರು. ದೇಶದ ಮನೆ, ಕಚೇರಿಗಳಲ್ಲಿದ್ದ ತಿರುಗಿಸುವ ಡಯಲಿನ ಭಾರವಾದ ಫೋನುಗಳು ತಯಾರಾದದ್ದು ಅಲ್ಲಿ. ಆದರೆ ಅಂದು ಒಂದು ಸಂಪರ್ಕಕ್ಕಾಗಿ ಜನರು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು. 1995ರ ಜುಲೈ 31ರಂದು ಕಲ್ಕತ್ತಾದಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಸಚಿವ ಸುಖ್‌ರಾಮ್ ಅವರಿಗೆ ದೇಶದ ಪ್ರಥಮ ಮೊಬೈಲ್ ಕರೆ ಮಾಡಿದರು. ಆ ದಿನಗಳಲ್ಲಿ ಕರೆ ಮಾಡಿದವರು ಮಾತ್ರವಲ್ಲ, ಕರೆ ಸ್ವೀಕರಿಸಿದವರೂ ಹಣ ಕೊಡಬೇಕಿತ್ತು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಅಂದು ನಮ್ಮ ಸಮಸ್ಯೆ ಅಭಾವವಾಗಿತ್ತು. ಇಂದು ಆಯ್ಕೆಗಳ ಅತಿಶಯವೇ ಸಮಸ್ಯೆಯಾಗಿದೆ.

ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಗೆಳೆಯರ ಕೈಯಲ್ಲಿದ್ದುದನ್ನು ನೋಡಿ, ಕ್ಯಾಮರಾದ ದೊಡ್ಡ ಅಂಕಿಗೆ ಮರುಳಾಗಿ ಒಂದು ಫೋನನ್ನು ಕಂತಿನ ಮೇಲೆ ಕೊಂಡೆವು. ಅದು ಅಂಗಡಿಗೆ ಬಂದು ಆಗಲೇ ಬಹಳ ಕಾಲವಾಗಿತ್ತು ಎಂಬುದನ್ನು ವಿಚಾರಿಸಲಿಲ್ಲ. ಕೊನೆಯ ಕಂತು ಕಟ್ಟುವುದಕ್ಕೆ ಮೊದಲೇ ಕಂಪೆನಿಯು ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿಬಿಟ್ಟಿತು. ಫೋನು ನೋಡಲು ಹೊಸದಾಗಿಯೇ ಇತ್ತು. ಬ್ಯಾಂಕಿನ ವ್ಯವಹಾರ ಮಾಡಲು ಮಾತ್ರ ಭಯವಾಗುತ್ತಿತ್ತು. ಅದೇ ಸಮಯದಲ್ಲಿ ಮನೆಯಲ್ಲಿ ತಂಗಿಯು ಗಾಜು ಒಡೆದ, ಜಾಗ ಸಾಲದ ಹಳೆಯ ಫೋನಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಅಗತ್ಯವಿದ್ದದ್ದು ಅವಳಿಗೆ, ಕೊಂಡದ್ದು ನಾವು. ಈ ಮಾತನ್ನು ಹೇಳಲು ಇಂದಿಗೂ ಸಂಕೋಚವಾಗುತ್ತದೆ. ಆದ್ದರಿಂದ ಪ್ರಥಮ ಪ್ರಶ್ನೆ ಯಾವ ಫೋನು ಎಂಬುದಲ್ಲ. ಯಾರಿಗೆ, ಯಾವ ಕೆಲಸಕ್ಕೆ ಎಂಬುದಾಗಿದೆ.

ಹಾಗಾದರೆ ಫೋನಿನಲ್ಲಿ ಏನನ್ನು ನೋಡಬೇಕು? ಒಂದನೆಯದಾಗಿ, ಅದು ಎಷ್ಟು ವರ್ಷ ಸುರಕ್ಷಿತವಾಗಿ ಬಾಳುತ್ತದೆ ಎಂಬುದನ್ನು. ಕಂಪೆನಿಯು ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ನೀಡುವುದಾಗಿ ಘೋಷಿಸಿದೆ ಎಂದು ಕೇಳಿರಿ. ಆ ವರ್ಷಗಳ ಎಣಿಕೆ ಸಾಮಾನ್ಯವಾಗಿ ಮಾದರಿಯು ಮಾರುಕಟ್ಟೆಗೆ ಬಂದ ದಿನದಿಂದ ಆರಂಭವಾಗುತ್ತದೆಯೇ ಹೊರತು ನೀವು ಕೊಂಡ ದಿನದಿಂದಲ್ಲ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24 ಸರಣಿಗೆ 7 ವರ್ಷಗಳ ಭರವಸೆ ನೀಡಿದವು. ಅವು ದುಬಾರಿ ಫೋನುಗಳು, ನಿಜ. ಆದರೆ ಅದೇ ಸ್ಯಾಮ್‌ಸಂಗ್ 2024ರಲ್ಲಿ ಮಧ್ಯಮ ವರ್ಗದವರ ಎ16 5ಜಿ ಫೋನಿಗೆ 6 ವರ್ಷಗಳ ಭರವಸೆ ಕೊಟ್ಟಿತು. ಐರೋಪ್ಯ ಒಕ್ಕೂಟದಲ್ಲಂತೂ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ. ಒಂದು ಮಾದರಿಯ ಮಾರಾಟ ನಿಂತ ಬಳಿಕವೂ 5 ವರ್ಷ ಅಪ್‌ಡೇಟ್ ಸಿಗಬೇಕು. ಅಲ್ಲಿನ ಗ್ರಾಹಕನಿಗೆ ಕಾನೂನು ಕೊಟ್ಟ ಹಕ್ಕನ್ನು ಇಲ್ಲಿನ ಗ್ರಾಹಕನು ಸದ್ಯಕ್ಕೆ ಪ್ರಶ್ನೆ ಕೇಳಿಯೇ ಪಡೆಯಬೇಕಾಗಿದೆ. 12,000 ರೂಪಾಯಿಯ ಫೋನು 2 ವರ್ಷ ಬಾಳಿದರೆ ವರ್ಷಕ್ಕೆ 6,000 ರೂಪಾಯಿ. 16,000 ರೂಪಾಯಿಯದು 5 ವರ್ಷ ಬಾಳಿದರೆ ವರ್ಷಕ್ಕೆ 3,200 ರೂಪಾಯಿ. ಅಗ್ಗವಾದುದು ಯಾವುದು?

ಎರಡನೆಯದಾಗಿ, ನಿಮ್ಮ ಮನೆಯೊಳಗೆ ಯಾವ ನೆಟ್‌ವರ್ಕ್ ಸಿಗುತ್ತದೆ ಎಂಬುದನ್ನು. ನಮ್ಮ ಬಡಾವಣೆಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ರಸ್ತೆಯಲ್ಲಿ ಚೆನ್ನಾಗಿ ಸಿಗುವ ಸಂಕೇತ ಒಳಕೋಣೆಯಲ್ಲಿ ಮಾಯವಾಗುತ್ತದೆ. ಬೆಂಗಳೂರಿಗೆ 5ಜಿ ಬಂದದ್ದು 2022ರಲ್ಲಿ. ಆದರೆ 5ಜಿ ಎಂದು ಬರೆದ ಫೋನುಗಳೆಲ್ಲ ಎಲ್ಲ ತರಂಗಾಂತರಗಳನ್ನೂ ಹಿಡಿಯುವುದಿಲ್ಲ. ಜಿಯೋ ಕಂಪೆನಿಯ ಬಳಿ 700 ಮೆಗಾಹರ್ಟ್ಸ್ ತರಂಗಾಂತರವಿದೆ. ಅದು ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಆದರೆ ಫೋನಿನ ವಿವರಪಟ್ಟಿಯಲ್ಲಿ ಎನ್28 ಎಂಬ ಬ್ಯಾಂಡ್ ಇಲ್ಲದಿದ್ದರೆ ಅದರ ಪ್ರಯೋಜನ ನಿಮಗಿಲ್ಲ. ಎಲ್ಲ ಕಂಪೆನಿಗಳೂ ತಮ್ಮ ವ್ಯಾಪ್ತಿಯ ನಕ್ಷೆಯನ್ನು ತಾಣಗಳಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮ ಮಾಡಿದೆ. ಅದನ್ನು ನೋಡಿರಿ. ಅದಕ್ಕಿಂತಲೂ ಉತ್ತಮವಾದುದೆಂದರೆ, ಆ ಕಂಪೆನಿಯ ಸಿಮ್ ಇರುವ ಬಂಧುವೊಬ್ಬರನ್ನು ಚಹಾಕ್ಕೆ ಕರೆದು ನಿಮ್ಮ ಒಳಕೋಣೆಯಲ್ಲಿ ಕುಳ್ಳಿರಿಸಿ ಒಂದು ಕರೆ ಮಾಡಿಸುವುದು.

ಇನ್ನು ಕಂತಿನ ವಿಚಾರ. 'ಬಡ್ಡಿಯಿಲ್ಲದ ಕಂತು' ಎಂಬ ಫಲಕವು ಎಲ್ಲ ಅಂಗಡಿಗಳಲ್ಲೂ ತೂಗುತ್ತಿದೆ. ಬಡ್ಡಿಯಿಂದ ದೂರವಿರಬೇಕೆಂಬ ನಮ್ಮ ಜನರಿಗೆ ಈ ಪದ ಬಹಳ ಇಷ್ಟವಾಗುತ್ತದೆ. ಆದರೆ ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅನೇಕ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತದೆ ಎಂದು 2013ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸ್ಪಷ್ಟಪಡಿಸಿತ್ತು. ಇಂದು ನಡೆಯುವುದೇನು? ಸಾಮಾನ್ಯವಾಗಿ ಬ್ಯಾಂಕು ಬಡ್ಡಿ ಹಾಕುತ್ತದೆ. ಮಾರುವವರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯೆಂದು ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ 18 ಶೇಕಡಾ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಿಮ್ಮ ತಲೆಗೆ. ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ನಿಮಗೆ ಸಿಗದಿದ್ದರೆ ಅದೂ ನಷ್ಟವೇ. ಅಂಗಡಿಯವರಲ್ಲಿ ಎರಡೇ ಪ್ರಶ್ನೆ ಕೇಳಿರಿ: ಇಡೀ ಹಣ ಈಗಲೇ ಕೊಟ್ಟರೆ ಎಷ್ಟು? ಕಂತಿನಲ್ಲಿ ಎಲ್ಲ ಸೇರಿ ಕೊನೆಗೆ ಎಷ್ಟು? ಎರಡರ ನಡುವಿನ ವ್ಯತ್ಯಾಸಕ್ಕೆ ಅವರು ಯಾವ ಹೆಸರಾದರೂ ಇಡಲಿ, ಅದು ಏನೆಂದು ನಿಮಗೆ ಅರ್ಥವಾಗುತ್ತದೆ. ನಾಲ್ಕು ತಿಂಗಳು ಹಣ ಕೂಡಿಟ್ಟು ಕೊಳ್ಳುವುದರಲ್ಲಿ ಅಪಮಾನವೇನಿದೆ?

ಹಣ ಸಾಲದವರು ಹಳೆಯ ಫೋನಿನ ಮೊರೆ ಹೋಗುತ್ತಾರೆ. ಅದು ತಪ್ಪಲ್ಲ. ಬಳಸಿದ ವಸ್ತುವನ್ನು ಮತ್ತೆ ಬಳಸುವುದು ದುಂದುವೆಚ್ಚಕ್ಕಿಂತ ಸಾವಿರ ಪಾಲು ಮೇಲು. ಆದರೆ ಇಲ್ಲಿ ಒಂದು ಅಪಾಯವಿದೆ. ನಮಗೆ ಪರಿಚಯವಿರುವ ಒಬ್ಬ ಯುವಕ, ಕಾಲೇಜು ವಿದ್ಯಾರ್ಥಿ, ಸಂಜೆ ದುಡಿದ ಹಣದಿಂದ ಪರಿಚಿತನೊಬ್ಬನಲ್ಲಿ ರಸೀದಿಯಿಲ್ಲದೆ ಫೋನು ಕೊಂಡ. ಕೆಲವು ತಿಂಗಳ ಬಳಿಕ ಠಾಣೆಯೊಂದರಿಂದ ಕರೆ ಬಂತು. ಅದು ಕಳವಾದ ಫೋನಾಗಿತ್ತು. ಮಾರಿದವನು ಸಿಗಲಿಲ್ಲ. ಫೋನು ಹೋಯಿತು, ಹಣ ಹೋಯಿತು, ಪರೀಕ್ಷೆಯ ಹೊತ್ತಿನಲ್ಲಿ ಅವನ ಅಬ್ಬಾ ಕೆಲಸ ಬಿಟ್ಟು ಠಾಣೆಗೆ ಅಲೆದರು. ಕಳವಿನ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸದ ಅಪರಾಧ. ಹುಡುಗ ನಿರಪರಾಧಿಯೇ ಆಗಿದ್ದ. ಆದರೆ ಅದನ್ನು ಸಾಬೀತುಪಡಿಸಲು ಅವನ ಬಳಿ ಒಂದು ಚೀಟಿಯೂ ಇರಲಿಲ್ಲ. ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುವ ವಚನವು ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಎಂಬುದನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೇವೆ. ಅಂಗಡಿಯಲ್ಲಿ ಮಾತ್ರ ರಸೀದಿ ಕೇಳಲು ನಾಚುತ್ತೇವೆ!

ಪರೀಕ್ಷಿಸುವ ವಿಧಾನ ಬಹಳ ಸುಲಭ. ಫೋನಿನಲ್ಲಿ ನಕ್ಷತ್ರ, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣಿಸುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿರಿ. ಕಪ್ಪುಪಟ್ಟಿಯಲ್ಲಿದೆ, ನಕಲಿಯಾಗಿದೆ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಕೊಳ್ಳಬೇಡಿರಿ. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸಂಚಾರ್ ಸಾಥಿ ತಾಣದಲ್ಲೂ ಇದನ್ನು ನೋಡಬಹುದು. ನಿಮ್ಮದೇ ಫೋನು ಕಳವಾದರೆ ಪೊಲೀಸ್ ದೂರು ನೀಡಿ ಅದೇ ತಾಣದಲ್ಲಿ ಅದನ್ನು ನಿರ್ಬಂಧಿಸಬಹುದು. ಮಾರುವವನ ಗುರುತು ಚೀಟಿಯ ಪ್ರತಿ, ಸಹಿ ಇರುವ ರಸೀದಿ, ಮೂಲ ಬಿಲ್ಲು ಈ ಮೂರೂ ಇಲ್ಲದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಹಿಂದಿರುಗಿ ಬನ್ನಿರಿ.

ಈಗ ರೀಚಾರ್ಜ್ ಯೋಜನೆಗಳಿಗೆ ಬರೋಣ. ಕಂಪೆನಿಗಳು ತಿಂಗಳು ಎಂದು ಕರೆಯುವ 28 ದಿನಗಳಲ್ಲಿ ಒಂದು ಚಮತ್ಕಾರವಿದೆ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. 2024ರ ಜುಲೈಯಲ್ಲಿ ಕಂಪೆನಿಗಳು ದರ ಏರಿಸಿದಾಗ ಜಿಯೋದ ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಯೋಜನೆ 239ರಿಂದ 299 ರೂಪಾಯಿಗೇರಿತು. ಆ ದರದಲ್ಲಿ 13 ರೀಚಾರ್ಜಿಗೆ 3,887 ರೂಪಾಯಿ. ಐದು ಮಂದಿಯ ಮನೆಗೆ 19,435 ರೂಪಾಯಿ. ಒಂದು ಮಗುವಿನ ಶಾಲಾ ಶುಲ್ಕದ ದೊಡ್ಡ ಪಾಲು ಇದು! ಅದೇ ಪ್ರಮಾಣದ ಡೇಟಾವನ್ನು ಆಗ 84 ದಿನಗಳಿಗೆ 799 ರೂಪಾಯಿ ಕೊಟ್ಟು ಪಡೆದಿದ್ದರೆ ದಿನಕ್ಕೆ ಒಂದು ರೂಪಾಯಿಗೂ ಹೆಚ್ಚು ಉಳಿತಾಯವಾಗುತ್ತಿತ್ತು. ದರಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಬೆಲೆಯನ್ನಲ್ಲ, ಲೆಕ್ಕದ ಕ್ರಮವನ್ನು ನೆನಪಿಡಿರಿ: ಮೊತ್ತವನ್ನು ದಿನಗಳಿಂದ ಭಾಗಿಸಿರಿ. ಪ್ರತಿ ಕಂಪೆನಿಯಲ್ಲೂ 30 ದಿನಗಳ ಯೋಜನೆ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಯೋಜನೆ ಕನಿಷ್ಠ ಒಂದೊಂದಾದರೂ ಇರಬೇಕೆಂದು 2022ರಲ್ಲಿ ಟ್ರಾಯ್ ಆದೇಶಿಸಿದೆ. ಕೇಳದಿದ್ದರೆ ಅದನ್ನು ಯಾರೂ ತೋರಿಸುವುದಿಲ್ಲ.

ಮನೆಯಲ್ಲಿ ಸಾದಾ ಫೋನು ಬಳಸುವ ಅಮ್ಮಿ ಅಥವಾ ದಾದಿಗೆ ಇಂಟರ್‌ನೆಟ್ ಏಕೆ? ಕೇವಲ ಕರೆ ಮತ್ತು ಸಂದೇಶದ ಯೋಜನೆಯನ್ನು ಕಡ್ಡಾಯವಾಗಿ ಒದಗಿಸಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಮಾಡಿತು. 2025ರ ಜನವರಿಯಲ್ಲಿ ಅಂತಹ ಯೋಜನೆಗಳು ಬಂದವು. ಏರ್‌ಟೆಲ್‌ನ 365 ದಿನಗಳ ಯೋಜನೆ ಆಗ 1,849 ರೂಪಾಯಿಯಾಗಿತ್ತು. 3,887ರೊಂದಿಗೆ ಹೋಲಿಸಿರಿ, 2,038 ರೂಪಾಯಿ ಉಳಿಯುತ್ತದೆ. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದವರು ಎಲ್ಲರಿಗೂ ದೊಡ್ಡ ಡೇಟಾ ಯೋಜನೆ ಹಾಕಿಸುವುದೂ ಒಂದೇ ವಸ್ತುವಿಗೆ ಎರಡು ಬಾರಿ ಬೆಲೆ ತೆತ್ತಂತೆ.

ಸೇವೆ ಸರಿಯಿಲ್ಲದಿದ್ದರೆ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪೆನಿ ಬದಲಿಸುವ ಹಕ್ಕು 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಪೋರ್ಟ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು ನಿಮ್ಮ ಸಂಖ್ಯೆಯೊಂದಿಗೆ 1900ಕ್ಕೆ ಕಳಿಸಿದರೆ ಒಂದು ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದು 4 ದಿನ ಊರ್ಜಿತ. ಈಗಿನ ಕಂಪೆನಿಯಲ್ಲಿ 90 ದಿನ ಪೂರೈಸಿರಬೇಕು, ಬಾಕಿ ಇರಬಾರದು. ಸಿಮ್ ಬದಲಿಸಿದ್ದರೆ 7 ದಿನ ಕಾಯಬೇಕು. ಇದು ವಂಚಕರನ್ನು ತಡೆಯಲೆಂದು 2024ರ ಜುಲೈಯಲ್ಲಿ ಬಂದ ನಿಯಮ.

ಕೊನೆಯದಾಗಿ, ಸಿಮ್ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಅನೇಕ ಮನೆಗಳಲ್ಲಿ ಹೆಂಗಸರ ಸಿಮ್ ಗಂಡನ, ಭಾವನ ಅಥವಾ ಅಂಗಡಿಯವನ ಹೆಸರಿನಲ್ಲಿರುತ್ತದೆ. ಆಧಾರ್, ಬ್ಯಾಂಕ್ ಖಾತೆ, ಪಡಿತರ, ಗೃಹಲಕ್ಷ್ಮಿ ಎಲ್ಲದರ ಸಂದೇಶಗಳೂ ಆ ಸಂಖ್ಯೆಗೇ ಬರುತ್ತವೆ. ಹಣವಿಲ್ಲವೆಂದು ಮೊದಲು ನಿಲ್ಲಿಸುವುದೂ ಮನೆಯೊಡತಿಯ ರೀಚಾರ್ಜನ್ನೇ! ಕಡಿತಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ, ಬಳಿಕ ಕೊಡಬಹುದು. ಆಗ ಆಕೆಯ ಬ್ಯಾಂಕಿನ ಗುಪ್ತಸಂಕೇತ ಅಪರಿಚಿತನ ಕೈಯಲ್ಲಿರುತ್ತದೆ. ಅವಳ ಸಿಮ್ ಅವಳ ಹೆಸರಿನಲ್ಲೇ ಇರಲಿ, ಅವಳ ಸಂಖ್ಯೆ ಎಂದೂ ಸಾಯದಿರಲಿ. ನಿಮ್ಮ ಹೆಸರಿನಲ್ಲಿ ನಿಮಗೆ ತಿಳಿಯದ ಸಿಮ್‌ಗಳಿವೆಯೇ ಎಂಬುದನ್ನು ಸಂಚಾರ್ ಸಾಥಿಯಲ್ಲಿ ನೋಡಿ, ಇದ್ದರೆ ದೂರು ಕೊಡಿರಿ. ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಸಹೋದರ ಸಹೋದರಿಯರೇ, ಇಂದು ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಒಂದು ಹಾಳೆ ಹಿಡಿದು ಕುಳಿತುಕೊಳ್ಳಿರಿ. ಎಷ್ಟು ಸಂಖ್ಯೆಗಳಿವೆ, ಯಾರ ಹೆಸರಿನಲ್ಲಿವೆ, ವರ್ಷಕ್ಕೆ ಎಷ್ಟು ಖರ್ಚು, ಯಾರ ಫೋನು ಯಾರ ಓದಿಗೆ, ಯಾರ ದುಡಿಮೆಗೆ ಅಗತ್ಯ ಎಂದು ಬರೆಯಿರಿ. ಮಗಳಿಗೂ ಮಾತನಾಡಲು ಅವಕಾಶ ಕೊಡಿರಿ. ಅಂಗಡಿಯ ಬಾಗಿಲು ತಟ್ಟುವುದು ಆಮೇಲೆ. ಆ ಹಾಳೆಯಲ್ಲಿ ಮೊದಲ ಹೆಸರು ಯಾರದಾಗಬೇಕೆಂದು ನಿಮಗೇ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಆ ಹಾಳೆ ಬರೆಯುವಾಗ ಬಹಳ ತಡವಾಗಿತ್ತು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.