ಸ್ಪ್ಯಾನಿಯಲ್ ನಾಯಿಯ ಕಾಲುಗೂದಲು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾಯಿಯ ಕಾಲುಗೂದಲಿನ ಮೇಲೂ ಒಂದು ಭಾಷಣವೇ ಎಂದು ನಿಮಗೆ ನಗು ಬಂದೀತು. ನಗಿರಿ, ಅಡ್ಡಿಯಿಲ್ಲ. ಆದರೆ ಈ ಊರಿನಲ್ಲಿ ಪರರ ಮನೆಯ ನಾಯಿಯನ್ನು ನೋಡಿಕೊಂಡು ಹೊಟ್ಟೆ ಹೊರೆಯುವವರು ನಮ್ಮಲ್ಲಿಯೂ ಇದ್ದಾರೆ. ಒಂದೇ ಕೋಣೆಯ ಸಂಸಾರದಲ್ಲಿ ಪ್ರೀತಿಯಿಂದ ನಾಯಿ ಸಾಕಿದವರೂ ಇದ್ದಾರೆ. "ಸಾಹೇಬರ ನಾಯಿಯ ಕಾಲೆಲ್ಲ ಗಂಟು ಕಟ್ಟಿದೆ, ಏನು ಮಾಡಲಿ ಮಾವ?" ಎಂದು ಕಳೆದ ಮಳೆಗಾಲದಲ್ಲಿ ತರುಣನೊಬ್ಬ ಇಲ್ಲಿಯೇ ನನ್ನನ್ನು ಕೇಳಿದ. ಆ ಪ್ರಶ್ನೆಯೇ ಈ ಮಾತಿಗೆ ಕಾರಣ.

ನಮ್ಮ ಮುಧೋಳದ ನಾಯಿಗೆ ಮೈಗಂಟಿದ ಗಿಡ್ಡ ಕೂದಲು. ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಸ್ಪ್ಯಾನಿಯಲ್ ಹಾಗಲ್ಲ. ಅದು ತಣ್ಣನೆಯ ದೇಶದಲ್ಲಿ ಪೊದೆಗಳೊಳಗೆ ನುಗ್ಗಿ ಹಕ್ಕಿ ಎಬ್ಬಿಸುತ್ತಿದ್ದ ಬೇಟೆಯ ಜಾತಿ. ಬೆನ್ನಿನ ಕೂದಲು ರೇಷ್ಮೆಯಂತೆ ಮಲಗಿದ್ದರೂ ಕಾಲು, ಕಿವಿ, ಹೊಟ್ಟೆಗಳಲ್ಲಿ ಉದ್ದಕ್ಕೆ ಇಳಿಬಿದ್ದಿರುತ್ತದೆ. ಸಂತಾನಹರಣ ಚಿಕಿತ್ಸೆಯಾದ ಮೇಲೆ ಅನೇಕ ಸ್ಪ್ಯಾನಿಯಲ್‌ಗಳ ಕೂದಲು ಕುರಿಯ ಉಣ್ಣೆಯಂತೆ ದಟ್ಟವಾಗುವುದುಂಟು. ಅದು ಸಾಕಿದವನ ತಪ್ಪಲ್ಲ.

ಆದರೆ ಉಣ್ಣೆಯಿದ್ದಲ್ಲಿ ಉಣ್ಣಿಯೂ ಇರುತ್ತದೆ. ಗಂಟಿನ ಕೆಳಗೆ ತೇವ ನಿಂತು ಚರ್ಮ ಕೊಳೆಯುತ್ತದೆ; ಹೆಜ್ಜೆ ಇಟ್ಟಾಗಲೆಲ್ಲ ಗಂಟು ಚರ್ಮವನ್ನು ಜಗ್ಗುತ್ತದೆ. ಮೇಲಿನಿಂದ ನೋಡಿದವರಿಗೆ ಮಾತ್ರ ನಾಯಿ ದುಂಡಗೆ, ಚೆಂದವಾಗಿಯೇ ಕಾಣುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಮ್ಮೆ ಅವಸರದಲ್ಲಿ ಮುಂಗಾಲಿನ ಕಂಕುಳ ಗಂಟಿಗೆ ಕತ್ತರಿ ಹಾಕಿದೆ. ಗಂಟಿನ ಜತೆಗೆ ಚರ್ಮವೂ ಮೇಲೆದ್ದು ಬಂದಿತ್ತು, ರಕ್ತ ಬಂತು. ಗಾಯ ಬೇಗ ಮಾಯಿತು. ಆದರೆ ತಿಂಗಳುಗಟ್ಟಲೆ ಆ ನಾಯಿ ನನ್ನ ಕೈಗೆ ಕಾಲು ಕೊಡಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಬಾಚುವುದು, ಆಮೇಲೆ ಸ್ನಾನ. ಗಂಟಿಗೆ ನೀರು ಬಿದ್ದರೆ ಅದು ಕಂಬಳಿಯಂತೆ ಬಿಗಿಯುತ್ತದೆ. ಉಕ್ಕಿನ ಬಾಚಣಿಗೆ ಒಂದು, ಸಣ್ಣ ತಂತಿಯ ಬ್ರಷ್ ಒಂದು, ಮೊಂಡು ತುದಿಯ ಕತ್ತರಿ ಒಂದು ಸಾಕು. ಕೂದಲು ತೆಳುಮಾಡುವ ಹಲ್ಲಿನ ಕತ್ತರಿ ಸಿಕ್ಕರೆ ಇನ್ನೂ ಒಳ್ಳೆಯದು. ಪಾದದಿಂದ ಆರಂಭಿಸಿ, ಮೇಲಿನ ಕೂದಲನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕೆಳಗಿನ ಒಂದೊಂದೇ ಪದರವನ್ನು ಬುಡದಿಂದ ಬಾಚುತ್ತ ಮೇಲೇರಿ. ಸಿಕ್ಕನ್ನು ಮೊದಲು ಬೆರಳಿನಿಂದ ಬಿಡಿಸಿ. ತಾಯಿ ಮಗಳ ಜಡೆ ಬಿಡಿಸುವಾಗ ಮಾಡುವಂತೆ, ಬುಡವನ್ನು ಬಿಗಿಯಾಗಿ ಹಿಡಿದು ತುದಿಯಿಂದ ಬಾಚಿದರೆ ನೋವಾಗದು. ಬಿಡದ ಗಂಟಿದ್ದರೆ, ಅದಕ್ಕೂ ಚರ್ಮಕ್ಕೂ ನಡುವೆ ಬಾಚಣಿಗೆಯನ್ನು ತೂರಿಸಿ, ಬಾಚಣಿಗೆಯ ಮೇಲ್ಗಡೆ ಮಾತ್ರ ಕತ್ತರಿಸಿ. ಬಾಚಣಿಗೆಯೂ ತೂರದಿದ್ದರೆ ಕೈ ಹಾಕಬೇಡಿ, ಬಲ್ಲವರಿಗೆ ಬಿಡಿ.

ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಗಿಡ್ಡ ಮಾಡಿ. ನುಣುಪಾದ ನೆಲದಲ್ಲಿ ನಾಯಿ ಜಾರದು. ಕಾಲಿನ ಉಣ್ಣೆಯನ್ನೂ ಮಳೆಗಾಲಕ್ಕೆ ಗಿಡ್ಡ ಮಾಡಬಹುದು. ಬೆನ್ನನ್ನು ಮಾತ್ರ ಯಂತ್ರದಿಂದ ಬೋಳಿಸಬೇಡಿ. ಆ ಹೊಳಪು ಅನೇಕ ವೇಳೆ ಮರಳಿ ಬರುವುದಿಲ್ಲ. ಉಣ್ಣಿ ಕಂಡರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ. ಒಂದೇ ದಿನ ನಾಲ್ಕೂ ಕಾಲು ಮುಗಿಸುವ ಹಟವೂ ಬೇಡ. ದಿನಕ್ಕೊಂದು ಕಾಲು, ಹತ್ತು ನಿಮಿಷ.

ಇನ್ನು ನಿಮ್ಮ ಹಿತದ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಅದರ ಬೆನ್ನಿಗೆ ನಗರದಲ್ಲಿ ಇಲಿಜ್ವರ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ರೋಗವದು. ಮನುಷ್ಯರಿಗೂ ತಗಲುತ್ತದೆ, ನಾಯಿಗೂ ತಗಲುತ್ತದೆ. ರಸ್ತೆಯ ನೀರನ್ನು ಹೀರಿಕೊಂಡ ಉಣ್ಣೆಯ ಕಾಲನ್ನು ಬರಿಗೈಯಲ್ಲಿ ಒರೆಸುವವರು ನೀವು. ಕೈಯಲ್ಲಿ ಗಾಯವಿದ್ದರೆ ರಬ್ಬರಿನ ಕೈಚೀಲ ಹಾಕಿಕೊಳ್ಳಿ. ಕಾಲನ್ನು ತೊಳೆದು, ಬುಡದವರೆಗೆ ಒಣಗಿಸಿ, ಸಾಬೂನಿನಿಂದ ಕೈ ತೊಳೆಯಿರಿ. ನಾಯಿಗೆ ಈ ರೋಗದ ಲಸಿಕೆಯಾಗಿದೆಯೇ ಎಂದು ಯಜಮಾನರನ್ನು ಸಂಕೋಚವಿಲ್ಲದೆ ಕೇಳಿ. ಜ್ವರ ಬಂದರೆ ನಿಮ್ಮ ಕೆಲಸವೇನೆಂದು ವೈದ್ಯರಿಗೆ ತಪ್ಪದೆ ತಿಳಿಸಿ.

ಗಂಟಿನ ಕೆಳಗೆ ಹುಣ್ಣು, ಕೀವು, ದುರ್ವಾಸನೆ ಕಂಡರೆ ಮನೆಮದ್ದು ಬೇಡ. ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಅವರ ಹೆಸರಿನ ಪ್ರಾಣಿಗಳ ಆಸ್ಪತ್ರೆಯಿದೆ. 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯಕೀಯ ಕಾಲೇಜೂ ಅಲ್ಲಿಯೇ ಇದೆ.

ಪ್ರಶ್ನೆ ಕೇಳಿದ ಆ ತರುಣ ದಿನಕ್ಕೊಂದು ಕಾಲಿನ ಲೆಕ್ಕದಲ್ಲಿ ಕೆಲಸ ಹಿಡಿದ. ಮೊದಲ ದಿನ ಹಲ್ಲು ತೋರಿಸಿದ ನಾಯಿ, ಹದಿನೈದನೆಯ ದಿನ ಬಾಚಣಿಗೆ ಕಂಡೊಡನೆ ತಾನೇ ಮಗ್ಗುಲಾಗಿ ಮಲಗಿತಂತೆ.