ಅಂತರ್ಜಾಲದ ವಿಳಾಸ ಪುಸ್ತಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಿಗೆ ಬಂದಾಗ ಯಾರಾದರೂ "ಏನಪ್ಪ ಕೆಲಸ?" ಎಂದು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಮುಗಿಸುವುದು ನಮ್ಮಂಥವರ ರೂಢಿ. ಇವತ್ತು ಸಂಘಟಕರು ಸ್ವಲ್ಪ ಬಿಡಿಸಿ ಹೇಳಿ ಎಂದಿದ್ದಾರೆ. ಕಂಪ್ಯೂಟರ್ ಜಾಲದಲ್ಲಿ ಯಾವ ಹೆಸರು ಯಾವ ವಿಳಾಸಕ್ಕೆ ಸೇರಿದ್ದು ಎಂದು ಬರೆದಿಡುವುದು, ವಿಳಾಸ ಬದಲಾದಾಗ ತಿದ್ದುವುದು ನನ್ನ ಕೆಲಸ. ಈ ವ್ಯವಸ್ಥೆಗೆ ಡೊಮೈನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ಮೊಬೈಲ್ ಇರುವ ಪ್ರತಿಯೊಬ್ಬರೂ ಇದನ್ನು ದಿನಕ್ಕೆ ನೂರಾರು ಸಲ ಬಳಸುತ್ತೀರಿ.

ನಮ್ಮೂರಿಗೆ ಬಂದವರು ಕಲ್ಲೇಶ್ವರ ದೇವಸ್ಥಾನ ಎಲ್ಲಿ ಎಂದು ಕೇಳಿದರೆ ಮಗುವೂ ಕೈ ತೋರಿಸುತ್ತದೆ. 9ನೇ ಶತಮಾನದ ನೊಳಂಬರ ಕಾಲದ ಗುಡಿ ಅದು. ಅದರ ಅಕ್ಷಾಂಶ, ರೇಖಾಂಶ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಮನುಷ್ಯರಿಗೆ ಹೆಸರು ಸಾಕು. ಆದರೆ ಒಂದು ಕಂಪ್ಯೂಟರ್ ಇನ್ನೊಂದನ್ನು ತಲುಪಬೇಕಾದರೆ ಅಂಕಿ ಬೇಕು. ಅದೇ ಐಪಿ ವಿಳಾಸ. ಹಳೆಯ ಪದ್ಧತಿಯಲ್ಲಿ ಅದು 0ಯಿಂದ 255ರೊಳಗಿನ ನಾಲ್ಕು ಸಂಖ್ಯೆಗಳ ಸಾಲು. ನಾವು ಹೆಸರು ಒತ್ತುತ್ತೇವೆ, ಆ ಹೆಸರಿಗೆ ಅಂಕಿ ಹುಡುಕಿ ಕೊಡುವುದು ಡಿಎನ್‌ಎಸ್.

ಮೊದಮೊದಲು ಈ ಹೆಸರುಗಳೆಲ್ಲ ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಸೇರಿದರೆ ಅವರಿಗೆ ತಿಳಿಸಬೇಕು, ಅವರು ಬರೆಯಬೇಕು, ಉಳಿದವರೆಲ್ಲ ಪ್ರತಿ ಮಾಡಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಬೇರೆ ದಾರಿ ತೋರಿಸಿದರು: ಒಂದೇ ಪುಸ್ತಕ ಬೇಡ, ಅವರವರ ಭಾಗದ ಪುಸ್ತಕ ಅವರವರ ಬಳಿ ಇರಲಿ, ಮೇಲಿನವರಿಗೆ ಕೆಳಗಿನ ಪುಸ್ತಕ ಯಾರ ಬಳಿ ಇದೆ ಎಂಬುದಷ್ಟು ಗೊತ್ತಿದ್ದರೆ ಸಾಕು.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಊರಿನ ಜಮೀನಿನ ಲೆಕ್ಕ ಶಾನುಭೋಗರ ಬಳಿ ಇರುತ್ತಿತ್ತು, ಅದನ್ನು ಬೆಂಗಳೂರಿನಲ್ಲಿ ಹುಡುಕುತ್ತಿರಲಿಲ್ಲ. ಅಂಚೆಯೂ ಹಾಗೆಯೇ. ಅರಳಗುಪ್ಪೆ, ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ, ಕರ್ನಾಟಕ ಎಂದು ಬರೆದ ಕಾಗದ ದೆಹಲಿಯಲ್ಲಿ ಸಿಕ್ಕರೆ ಅಲ್ಲಿನವರಿಗೆ ಅರಳಗುಪ್ಪೆ ಗೊತ್ತಿರಬೇಕಾಗಿಲ್ಲ. ಕೊನೆಯ ಸಾಲಿನ ಕರ್ನಾಟಕ ನೋಡಿ ಈ ಕಡೆ ಕಳಿಸುತ್ತಾರೆ. ಇಲ್ಲಿಯವರು ತುಮಕೂರು ನೋಡುತ್ತಾರೆ, ಅಲ್ಲಿಯವರು ತಿಪಟೂರು ನೋಡುತ್ತಾರೆ. ಜಾಲತಾಣದ ಹೆಸರನ್ನೂ ಕಂಪ್ಯೂಟರ್ ಹೀಗೆ ಕೊನೆಯಿಂದ ಹಿಂದಕ್ಕೆ ಓದುತ್ತದೆ.

ನಮ್ಮ ಪಹಣಿ ಸಿಗುವ ಜಾಲತಾಣವನ್ನೇ ತೆಗೆದುಕೊಳ್ಳಿ. ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್. ಮೊದಲು ಮೂಲ ಸರ್ವರನ್ನು ಕೇಳಬೇಕು. ಅದು "ಇನ್ ಎಂದರೆ ಭಾರತ, ಅವರನ್ನು ಕೇಳು" ಎನ್ನುತ್ತದೆ. 2005ರಿಂದ ಆ ಪುಸ್ತಕ ನಿಕ್ಸಿ ಎಂಬ ನಮ್ಮ ದೇಶದ ಸಂಸ್ಥೆಯ ಬಳಿ ಇದೆ. ಅಲ್ಲಿಂದ ಸರ್ಕಾರದ ಪುಸ್ತಕ, ಅಲ್ಲಿಂದ ಕರ್ನಾಟಕದ ಪುಸ್ತಕ, ಕೊನೆಗೆ ಪಹಣಿಯ ಸರ್ವರಿನ ಅಂಕಿ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇನ್ನು ತಿದ್ದುವ ಕೆಲಸ. ಕಷ್ಟ ಇರುವುದು ಇಲ್ಲೇ. 2014ರ ನವೆಂಬರ್ 1ರಂದು ನಮ್ಮ ಜಿಲ್ಲಾ ಕೇಂದ್ರದ ಹೆಸರು ಇಂಗ್ಲಿಷಿನಲ್ಲೂ "ಟುಮ್ಕೂರ್" ಹೋಗಿ "ತುಮಕೂರು" ಆಯಿತು. ಆದೇಶ ಒಂದೇ ದಿನದ್ದು. ಬೋರ್ಡು, ಮೊಹರು, ಜನರ ಬಾಯಿ ಬದಲಾಗಲು ಹೆಚ್ಚು ಕಾಲ ಹಿಡಿಯಿತು. ಡಿಎನ್‌ಎಸ್‌ನಲ್ಲೂ ಹಾಗೆಯೇ. ಪ್ರತಿ ಸಲವೂ ಮೂಲದಿಂದ ಕೇಳಿಕೊಂಡು ಬಂದರೆ ತಡವಾಗುತ್ತದೆ ಎಂದು ನಡುವಿನ ಸರ್ವರುಗಳು ಸಿಕ್ಕ ಉತ್ತರವನ್ನು ಇಷ್ಟು ಹೊತ್ತು ಎಂದು ನೆನಪಿಟ್ಟುಕೊಳ್ಳುತ್ತವೆ. ಆ ಹೊತ್ತನ್ನು ಬರೆಯುವವರು ನಾವೇ. ಅದು 86,400 ಸೆಕೆಂಡ್, ಅಂದರೆ ಒಂದು ದಿನ ಎಂದಿದ್ದರೆ, ಇವತ್ತು ವಿಳಾಸ ಬದಲಿಸಿದರೂ ಕೆಲವರು ನಾಳೆಯವರೆಗೆ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಾರೆ. ಅದಕ್ಕೇ ಒಂದೆರಡು ದಿನ ಮುಂಚೆಯೇ ಆ ಹೊತ್ತನ್ನು 300 ಸೆಕೆಂಡಿಗೆ ಇಳಿಸುತ್ತೇವೆ. ಆಮೇಲೆ ವಿಳಾಸ ಬದಲಿಸುತ್ತೇವೆ. ಹಳೆಯ ಸರ್ವರನ್ನು ತಕ್ಷಣ ಆರಿಸುವುದಿಲ್ಲ. ಎಲ್ಲರೂ ಹೊಸ ಮನೆಗೆ ಬರುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಆ ಹೊತ್ತನ್ನು ಮತ್ತೆ ಏರಿಸುತ್ತೇವೆ.

ಪುಸ್ತಕದ ನಕಲು ಬೇರೆ ಸ್ಥಳದ ಇನ್ನೊಂದು ಸರ್ವರಿನಲ್ಲೂ ಇರಲೇಬೇಕು. ತಿದ್ದಿದಾಗಲೆಲ್ಲ ಪುಸ್ತಕದ ಕ್ರಮಸಂಖ್ಯೆ ಏರಿಸಬೇಕು. ಏರಿಸದಿದ್ದರೆ ಎರಡನೆಯ ಸರ್ವರು ಏನೂ ಬದಲಾಗಿಲ್ಲ ಎಂದುಕೊಂಡು ಹಳೆಯ ಉತ್ತರವನ್ನೇ ಹೇಳುತ್ತಾ ಕೂರುತ್ತದೆ.

ಈ ಪುಸ್ತಕ ಕೈಗೆ ಸಿಗದೆ ಹೋದರೆ ಏನಾಗುತ್ತದೆ? 2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ಫೇಸ್‌ಬುಕ್, ವಾಟ್ಸಾಪ್ ಎರಡೂ ಸುಮಾರು ಆರು ಗಂಟೆ ನಿಂತುಹೋದವು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಆ ಕಂಪನಿಯ ಒಳಜಾಲವೇ ಕಡಿದುಹೋಗಿ, ಅವರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿ ಹೊರಗಿನವರಿಗೆ ಕಾಣದಾಯಿತು. ಹೆಸರು ಎಲ್ಲರಿಗೂ ಗೊತ್ತಿತ್ತು, ವಿಳಾಸ ಹೇಳುವವರಿರಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಪುಸ್ತಕ ಸರಿಯಿದ್ದೂ ನಾವು ಹೆಸರನ್ನು ತಪ್ಪಾಗಿ ಓದುವುದು. ಕೊಬ್ಬರಿ ಮಾರಿದ ಹಣ ಈಗ ಬ್ಯಾಂಕ್ ಖಾತೆಗೆ ಬರುತ್ತದೆ. ವರ್ಷದ ದುಡಿಮೆ ಅಲ್ಲೇ ಇರುತ್ತದೆ. ಅದಕ್ಕೆ ಕೈಹಾಕುವವರು ಬ್ಯಾಂಕಿನ ಹೆಸರನ್ನು ಮೊದಲಿಗೆ ಬರೆದು, ಕೊನೆಗೆ ಬೇರೆ ಏನನ್ನೋ ಸೇರಿಸಿ ಸಂದೇಶ ಕಳಿಸುತ್ತಾರೆ. ನಾವು ಎಡದಿಂದ ಓದಿ ನಮ್ಮ ಬ್ಯಾಂಕೇ ಎಂದು ನಂಬುತ್ತೇವೆ. ಕಂಪ್ಯೂಟರ್ ಬಲದಿಂದ ಓದಿ ಕಳ್ಳನ ಮನೆಗೆ ಕರೆದೊಯ್ಯುತ್ತದೆ. ಇದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣವನ್ನು "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ಹೆಸರಿಗೆ ಬದಲಿಸಬೇಕೆಂದು ಆದೇಶಿಸಿತು. ಆ ಹೆಸರನ್ನು ಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಬ್ಯಾಂಕ್ ಅಲ್ಲದವರಿಗೆ ಅದು ಸಿಗುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಇವತ್ತು ಸಂಜೆ ಅಜ್ಜ ಅಜ್ಜಿಗೆ, ಅಪ್ಪ ಅಮ್ಮನಿಗೆ ಇದನ್ನು ತೋರಿಸಿಕೊಡಿ. ಆರಂಭದಲ್ಲಿ ಜೋಡಿ ಓರೆಗೆರೆ ಇದ್ದರೆ ಅದನ್ನು ಬಿಟ್ಟು, ಆಮೇಲೆ ಮೊದಲ ಓರೆಗೆರೆ ಬರುವ ಜಾಗ ಗುರುತಿಸಿ, ಅದರ ಹಿಂದಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ಬ್ಯಾಂಕ್ ಆದರೆ "ಬ್ಯಾಂಕ್ ಡಾಟ್ ಇನ್", ನಮ್ಮ ರಾಜ್ಯ ಸರ್ಕಾರವಾದರೆ "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂದು ಕೊನೆಯಾಗಿದೆಯೇ ನೋಡಿ. ಅನುಮಾನ ಬಂದರೆ ಒತ್ತಬೇಡಿ. ಸಂದೇಶದಲ್ಲಿ ಬಂದ ಕೊಂಡಿ ಬಿಟ್ಟು, ಬ್ಯಾಂಕಿಗೇ ಹೋಗಿ ಕೇಳಿ.

ಹಳೆಯ ವಿದ್ಯಾರ್ಥಿಗಳಲ್ಲೂ ಒಂದು ಮಾತು. ಈ ಉತ್ಸವದ ಫೋಟೋ, ನೆನಪುಗಳನ್ನು ಒಂದು ಜಾಲತಾಣದಲ್ಲಿ ಇಡೋಣ ಎಂಬ ಮಾತು ನಡೆದಿದೆ. ಸಂತೋಷ. ಆದರೆ ಹೆಸರನ್ನು ಉತ್ಸಾಹಿ ಗೆಳೆಯರೊಬ್ಬರ ಸ್ವಂತ ಇಮೇಲಿನಲ್ಲಿ ನೋಂದಾಯಿಸಬೇಡಿ. ಸಂಘದ ಹೆಸರಿನಲ್ಲೇ ಆಗಲಿ. "ಇನ್" ಹೆಸರನ್ನು ಒಂದೇ ಸಲಕ್ಕೆ 10 ವರ್ಷದವರೆಗೂ ಪಡೆಯಬಹುದು. ನವೀಕರಣದ ದಿನಾಂಕ ಸಂಘದ ನಡಾವಳಿ ಪುಸ್ತಕದಲ್ಲಿರಲಿ, ಗುಪ್ತಪದ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ದಿನ ತಪ್ಪಿದರೆ ಆ ಹೆಸರು ಯಾರ ಪಾಲಾದರೂ ಆಗಬಹುದು. ನಾಳೆ ನಮ್ಮ ಶಾಲೆಯ ಹೆಸರೊತ್ತಿದ ಮಗುವಿಗೆ ಜೂಜಿನ ಜಾಹೀರಾತು ಕಾಣುವಂತಾಗಬಾರದು.

ಈ ಶಾಲೆಯ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳನ್ನು ನಮ್ಮ ಗುರುಗಳು, ಗುಮಾಸ್ತರು 50 ವರ್ಷ ಜೋಪಾನ ಮಾಡಿದ್ದಾರೆ. ಅದರಿಂದಲೇ ನಮ್ಮ ಹುಟ್ಟಿದ ದಿನಾಂಕಕ್ಕೆ, ಅಂಕಪಟ್ಟಿಗೆ ಬೆಲೆ ಬಂದದ್ದು. ಪುಸ್ತಕ ಕಾಗದದ್ದಾಗಲಿ, ಕಂಪ್ಯೂಟರಿನದ್ದಾಗಲಿ, ಅದನ್ನು ಹೊತ್ತುಹೊತ್ತಿಗೆ ಸರಿಯಾಗಿ ತಿದ್ದಿಡುವವರಿಂದಲೇ ಹೆಸರು ಉಳಿಯುವುದು.